ಪೀಚು, ಅಬ್ಬಲಿಗೆ ಮತ್ತು ಕಾಜಾದ ಹೂ

ಗುಜರಾತಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಮೊದಲು ಸೂರತ್, ಆಮೇಲೆ ಅಹಮದಾಬಾದ್, ಈಗ ವಡೋದರ. ಈ ಮೂರೂ ಊರುಗಳಲ್ಲಿ ಇಷ್ಟು ವರ್ಷ ಉಂಡ ಮದುವೆ ಊಟಗಳ ಲೆಕ್ಕ ಇಟ್ಟಿಲ್ಲ. ಆದರೆ ಮದುವೆಗಳ ಬಣ್ಣ ಬದಲಾದದ್ದನ್ನು ಮಾತ್ರ ನೋಡುತ್ತಲೇ ಬಂದಿದ್ದೇನೆ. ನಾವು ಬಂದ ಹೊಸದರಲ್ಲಿ ಗುಜರಾತಿ ಮದುವೆ ಅಂದರೆ ಕೆಂಪು, ಬಿಳಿ, ಚೆಂಡುಹೂವಿನ ಕೇಸರಿ. ಈಗ ಆಮಂತ್ರಣ ಪತ್ರಿಕೆಯಿಂದ ಹಿಡಿದು ಊಟದ ಮೇಜಿನ ಕರವಸ್ತ್ರದವರೆಗೆ ಎಲ್ಲವೂ ‘ಪೀಚ್’! ವಧುವಿನ ಕೈಯಲ್ಲಿ ಪೀಚ್ ಬಣ್ಣದ ಗುಲಾಬಿಗಳ ಬೊಕೆ, ವರನ ಎದೆಯ ಮೇಲೆ ಅದೇ ಬಣ್ಣದ ಒಂದು ಪುಟ್ಟ ಹೂ, ಅವನ ಗೆಳೆಯರ ಎದೆಯ ಮೇಲೂ ಅದರ ಮರಿಗಳು. ಎಲ್ಲ ಮ್ಯಾಚಿಂಗ್.

ಇದು ಎಲ್ಲಿಂದ ಬಂತು ಅಂತ ಯಾರನ್ನಾದರೂ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಂದು, 2017ರ ಡಿಸೆಂಬರಿನಲ್ಲಿ ಇಟಲಿಯ ಟಸ್ಕನಿಯಲ್ಲಿ ನಡೆದ ವಿರಾಟ್ ಕೊಹ್ಲಿ – ಅನುಷ್ಕಾ ಶರ್ಮಾ ಮದುವೆ. ಅಲ್ಲಿಯ ತಿಳಿ ಗುಲಾಬಿ ಲೆಹೆಂಗಾ ನೋಡಿದ ಮೇಲೆ ಕೆಂಪು ಬಿಟ್ಟು ತಿಳಿಬಣ್ಣ ಉಡುವ ಧೈರ್ಯ ಎಲ್ಲ ಹುಡುಗಿಯರಿಗೂ ಬಂತಂತೆ. ಇನ್ನೊಂದು, ವರ್ಷಕ್ಕೊಂದು ಬಣ್ಣಕ್ಕೆ ಪಟ್ಟ ಕಟ್ಟುವ ಅಮೆರಿಕದ ಪ್ಯಾಂಟೋನ್ ಕಂಪನಿ 2024ರ ಬಣ್ಣವೆಂದು ‘ಪೀಚ್ ಫಜ್’ ಅನ್ನು ಆರಿಸಿದ್ದು. ಎರಡೂ ನಿಜವೇ. ಆದರೆ ಈ ಕತೆ ಇಷ್ಟು ಚಿಕ್ಕದಲ್ಲ ಅನ್ನುವುದು ನನ್ನ ತಕರಾರು. ಹುಡುಕುತ್ತಾ ಹೋದರೆ ಇದು ಚೀನಾ, ಪರ್ಷಿಯಾ, ಪೋರ್ಚುಗಲ್ ಎಲ್ಲ ಸುತ್ತಿ ಕೊನೆಗೆ ನಮ್ಮ ಕುಮಟಾದ ಹಿತ್ತಿಲಿಗೇ ಬಂದು ನಿಲ್ಲುತ್ತದೆ!

ಮೊದಲು ಬಣ್ಣದ ವಿಚಾರ. ಕನ್ನಡದಲ್ಲಿ ‘ಪೀಚು’ ಅಂದರೆ ಬೇರೆಯೇ ಅರ್ಥ, ಇನ್ನೂ ಬಲಿಯದ ಎಳೆಗಾಯಿ. ಪೀಚುಕಾಯಿಯನ್ನು ಕಿತ್ತರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಹಾಗಾದರೆ ಆ ಬಣ್ಣಕ್ಕೆ ನಮ್ಮಲ್ಲಿ ಹೆಸರಿಲ್ಲವೆ? ಇದೆ. ಸೀರೆ ಅಂಗಡಿಯಲ್ಲಿ ನಮ್ಮ ಹಳೇ ಹೆಂಗಸರು ‘ಕನಕಾಂಬರ ಬಣ್ಣ’ ಅನ್ನುತ್ತಿದ್ದದ್ದು ನೆನಪಿದೆಯೆ? ಅದೇ ಹೂವಿಗೆ ನಮ್ಮ ಕಡೆ ಅಬ್ಬಲಿಗೆ ಅನ್ನುತ್ತಾರೆ. ಕೊಂಕಣಿಯಲ್ಲಿ ಆಬೋಲೆಂ, ಮರಾಠಿಯಲ್ಲಿ ಅಬೋಲಿ. ವಡೋದರಕ್ಕೆ ಬಂದ ಮೇಲೆ ಗೊತ್ತಾದದ್ದೆಂದರೆ, ಗಾಯಕವಾಡರ ಕಾಲದಿಂದ ಇಲ್ಲಿ ನೆಲೆಸಿರುವ ಮರಾಠಿ ಮನೆಗಳಲ್ಲಿ ‘ಅಬೋಲಿ’ ಅಂದರೆ ಹೂವಷ್ಟೇ ಅಲ್ಲ, ಬಣ್ಣದ ಹೆಸರೂ ಹೌದು. ಡೆಕೋರೇಟರ್ ‘ಪೀಚ್’ ಅಂದು ಬಣ್ಣದ ಕಾರ್ಡು ತೋರಿಸಿದರೆ ನಮ್ಮ ಪಕ್ಕದ ಮನೆಯ ಆಜಿ “ಅಬೋಲಿಚ್ ನಾ ಹಾ!” ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಅಬ್ಬಲಿಗೆ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಸ್ವಂತ ಗಿಡ. ಹೊರಗಿನಿಂದ ಬಂದದ್ದಲ್ಲ. ಪರಿಮಳ ಇಲ್ಲ, ಅದಕ್ಕೇ ದಂಡೆ ಕಟ್ಟುವಾಗ ಜೊತೆಗೆ ಮಲ್ಲಿಗೆಯೋ ಮರುಗವೋ ದವನವೋ ಬೇಕು. ತೂಕವೂ ಇಲ್ಲ, ಒಂದು ಕಿಲೋ ಆಗಬೇಕಾದರೆ ಸುಮಾರು 15,000 ಹೂ ಬೇಕು! ಆದರೆ ಮಲ್ಲಿಗೆಗಿಲ್ಲದ ಒಂದು ಗುಣ ಇದಕ್ಕಿದೆ. ಬೇಗ ಬಾಡುವುದಿಲ್ಲ, ಕಂದುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಅರ್ಕಾ ಅಂಬರ’, ‘ಅರ್ಕಾ ಕನಕ’ ಮುಂತಾದ ಹೊಸ ತಳಿಗಳನ್ನೂ ಹೊರತಂದಿದ್ದಾರೆ.

ಗುಜರಾತಿಗೂ ಈ ಬಣ್ಣ ಹೊಸದಲ್ಲ. ಇಲ್ಲಿಯ ಜನಪದದಲ್ಲಿ ‘ಕಸುಂಬಲ್’ ಅನ್ನುವ ಮಾತು ಮೇಲಿಂದ ಮೇಲೆ ಬರುತ್ತದೆ. ಝವೇರಚಂದ ಮೇಘಾಣಿಯವರ ‘ಕಸುಂಬೀನೋ ರಂಗ್’ ಹಾಡು ಗೊತ್ತಿಲ್ಲದ ಗುಜರಾತಿ ಇಲ್ಲ. ಈ ಕಸುಂಬಿ ಏನು ಅಂದುಕೊಂಡಿರಿ? ನಮ್ಮ ಬಿಜಾಪುರ, ಕಲಬುರ್ಗಿ ಕಡೆ ಎಣ್ಣೆಗೆಂದು ಬೆಳೆಯುವ ಕುಸುಬೆ! ಅದರ ಹೂವಿನ ಎಸಳಿನಲ್ಲಿ ಎರಡು ಬಣ್ಣಗಳಿವೆ. ಹಳದಿ ನೀರಿನಲ್ಲಿ ತೊಳೆದು ಹೋಗುತ್ತದೆ. ಕೆಂಪು ಮಾತ್ರ ಸುಲಭಕ್ಕೆ ಬಿಡುವುದಿಲ್ಲ, ಕ್ಷಾರ ಹಾಕಿ ಹೊರತೆಗೆದು ಆಮೇಲೆ ನಿಂಬೆಹುಳಿ ಹಿಂಡಿ ಬಟ್ಟೆಗೆ ಹಿಡಿಸಬೇಕು. ಒಂದು ಸಲ ಅದ್ದಿದರೆ ತಿಳಿ ಗುಲಾಬಿ, ಮತ್ತೆ ಮತ್ತೆ ಅದ್ದಿದರೆ ಗಾಢ ಕೆಂಪು, ಹಳದಿಯನ್ನು ಪೂರ್ತಿ ತೊಳೆಯದೆ ಸ್ವಲ್ಪ ಉಳಿಸಿದರೆ ನಮ್ಮ ಪೀಚ್. ಬಿಸಿಲಿಗೆ ಬೇಗ ಮಾಸುವುದು ಇದರ ದೋಷ. ಆದ್ದರಿಂದಲೇ ದಿನಬಳಕೆಗಿಂತ ಹಬ್ಬ, ಮದುವೆಗಳ ಮುಂಡಾಸು–ಓಢಣಿಗಳಿಗೆ ಹೇಳಿಸಿದ ಬಣ್ಣ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಡಾಂಬರಿನಿಂದ ಬಣ್ಣ ತೆಗೆದ ಮೇಲೆ ರಾಸಾಯನಿಕ ಬಣ್ಣಗಳು ಬಂದವು, ಕುಸುಬೆಯ ಹಂಡೆ ತಣ್ಣಗಾಯಿತು.

ಇನ್ನು ಹೂವಿನ ವಿಚಾರ. ನಮ್ಮದೂ ಪಾಶ್ಚಾತ್ಯರದೂ ವ್ಯತ್ಯಾಸ ಇರುವುದು ಹೂವಿನಲ್ಲಲ್ಲ, ಹೂ ಇರುವ ಜಾಗದಲ್ಲಿ. ನಾವು ಹೂವನ್ನು ತಲೆಗೆ, ಕೊರಳಿಗೆ ಹಾಕುತ್ತೇವೆ. ಅವರು ಕೈಯಲ್ಲಿ ಹಿಡಿಯುತ್ತಾರೆ, ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ನಮ್ಮ ಮದುಮಗಳಿಗೆ ಮೊಗ್ಗಿನ ಜಡೆ, ದಂಡೆ, ಇಬ್ಬರಿಗೂ ಬಾಸಿಂಗ, ಆಮೇಲೆ ಹಾರ. ಇವೆಲ್ಲ ಆದ ಮೇಲೆ ಕೈಗೆ ಬೊಕೆ ಕೊಟ್ಟರೆ ಧಾರೆ ಎರೆಸಿಕೊಳ್ಳುವುದು ಯಾವ ಕೈಯಲ್ಲಿ?

ಹಾಗಂತ ಕೈಯಲ್ಲಿ ಹೂ ಹಿಡಿಯುವುದು ನಮ್ಮ ದೇಶದಲ್ಲಿ ಇರಲೇ ಇಲ್ಲ ಅನ್ನುವಂತಿಲ್ಲ. ಮೊಗಲ್ ಚಿತ್ರಗಳನ್ನು ನೋಡಿ, ಬಾದಶಹರು ಒಂದು ಹೂವನ್ನು ಬೆರಳ ತುದಿಯಲ್ಲಿ ಹಿಡಿದು ಮೂಸುತ್ತಾ ನಿಂತಿರುತ್ತಾರೆ. ಗುಲಾಬಿ ಅತ್ತರನ್ನು ಕಂಡುಹಿಡಿದದ್ದು ನೂರ್ ಜಹಾನಳ ತಾಯಿ ಅಸ್ಮತ್ ಬೇಗಂ ಎಂದು ಜಹಾಂಗೀರನೇ ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. ಇದೇ ಜಹಾಂಗೀರ್ ಅಹಮದಾಬಾದಿಗೆ ಬಂದು ಇಲ್ಲಿಯ ಧೂಳಿಗೆ ಬೇಸತ್ತು ‘ಗರ್ದಾಬಾದ್’, ಅಂದರೆ ಧೂಳೂರು, ಅಂತ ಹೆಸರಿಟ್ಟ! ಅವನ ಮಗ, ಮುಂದೆ ಶಹಜಹಾನ್ ಆದವನು, ಗುಜರಾತಿನ ಸುಬೇದಾರನಾಗಿದ್ದಾಗ ಸಾಬರಮತಿ ದಂಡೆಯಲ್ಲಿ ತೋಟ, ಅರಮನೆ ಮಾಡಿಸಿದ. ಇವತ್ತಿನ ಶಾಹಿಬಾಗ್ ಬಡಾವಣೆಯ ಹೆಸರು ಆ ತೋಟದ್ದು. ಗುಲಾಬಿಯ ಹುಚ್ಚಿನಲ್ಲಿ ನಮ್ಮವರೇನು ಕಡಿಮೆಯಿರಲಿಲ್ಲ ಬಿಡಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಈ ಊರಿನ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು, ಎಲ್ಲಿ ನೋಡಿದರೂ ಗುಲಾಬಿ ಮಾರುವವರು ಅನ್ನುವ ಅರ್ಥದಲ್ಲಿ ಬರೆದು ಹೋಗಿದ್ದಾನೆ.

ಮದುವೆಯ ಬೊಕೆ ಈಗಿನ ರೂಪಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ. 1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಬಿಳಿ ಉಡುಪಿನಲ್ಲಿ, ತಲೆಗೆ ಕಿತ್ತಳೆ ಹೂವಿನ ಮಾಲೆ ಮುಡಿದು ಮದುವೆಯಾದಳು. ಅಲ್ಲಿಂದ ಮುಂದೆ ಬಿಳಿ ಉಡುಪು, ಬಿಳಿ ಹೂ ಫ್ಯಾಷನ್ ಆಯಿತು. ನಮ್ಮ ಕರಾವಳಿಯ ಕ್ರೈಸ್ತರ ಮದುವೆಗಳಲ್ಲಿ ಬೊಕೆಯನ್ನೂ ಗಂಡಿನ ಕೋಟಿನ ಹೂವನ್ನೂ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಾಗಿ ಕನ್ನಡನಾಡಿಗೆ ಇದು ತೀರಾ ಹೊಸತೇನಲ್ಲ. ಹೊಸತೇನೆಂದರೆ ಅದು ಚರ್ಚಿನಿಂದ ಹೊರಟು ಎಲ್ಲರ ಮಂಟಪಕ್ಕೂ ಬಂದಿರುವುದು.

ಕೋಟಿನ ಹೂವಿನದು ಇನ್ನೂ ತಮಾಷೆಯ ಕತೆ. ಇಂಗ್ಲಿಷಿನವರು ಈ ಹೂವಿಗೆ ‘ಬಟನ್‌ಹೋಲ್’ ಅಂತಲೇ ಅನ್ನುತ್ತಾರೆ, ಅಂದರೆ ಗುಂಡಿಯ ತೂತು. ನಮ್ಮ ದರ್ಜಿಗಳು ಆ ತೂತಿಗೆ ಏನನ್ನುತ್ತಾರೆ? ಕಾಜಾ. ಗುಜರಾತಿಯಲ್ಲಿ ಗಾಜ್, ಮರಾಠಿಯಲ್ಲಿ ಕಾಜ. ಪೋರ್ಚುಗೀಸರ ‘ಕಾಸಾ’ ಅನ್ನುವ ಶಬ್ದ ಇದರ ಮೂಲ. ಕಾಸಾ ಅಂದರೆ ಮನೆ, ಗುಂಡಿಗೊಂದು ಮನೆ! ಹಿಂದೆ ಕೋಟಿಗೆ ಕುತ್ತಿಗೆಯವರೆಗೆ ಗುಂಡಿ ಇರುತ್ತಿತ್ತು. ಮೇಲಿನ ಭಾಗವನ್ನು ಹೊರಕ್ಕೆ ಮಡಚುವ ಫ್ಯಾಷನ್ ಬಂದಾಗ ಮೇಲ್ಗಡೆಯ ಕಾಜಾ ಗುಂಡಿಯಿಲ್ಲದೆ ಖಾಲಿ ಉಳಿಯಿತು. ಖಾಲಿ ಮನೆಗೆ ಹೂ ಬಾಡಿಗೆಗೆ ಬಂತು. ಒಳ್ಳೆಯ ದರ್ಜಿ ಹೊಲಿದ ಸೂಟಾದರೆ ಕಾಲರಿನ ಹಿಂದೆ ತೊಟ್ಟು ಸಿಕ್ಕಿಸಲು ಒಂದು ದಾರದ ಕುಣಿಕೆಯೂ ಇರುತ್ತದೆ, ಹುಡುಕಿ ನೋಡಿ.

ಭಾರತದಲ್ಲಿ ಕಾಜಾದ ಹೂವಿಗೆ ಹೆಸರು ತಂದವರು ನೆಹರೂ. ಅವರು ತೊಡುತ್ತಿದ್ದದ್ದು ಮಡಚಿದ ಕಾಲರಿನ ಕೋಟಲ್ಲ, ಅಚ್ಕನ್. ಆದರೂ ಅದರ ಗುಂಡಿಯ ಸಾಲಿನಲ್ಲೇ ಕೆಂಪು ಗುಲಾಬಿ ಸಿಕ್ಕಿಸಿಕೊಂಡರು. ಇವತ್ತು ಶೇರ್ವಾನಿ ತೊಟ್ಟ ವರನ ಎದೆಯ ಮೇಲೆ ಹೂ ಚುಚ್ಚುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ನೆಹರೂ ದಾರಿಯಲ್ಲೇ ನಡೆಯುತ್ತಿದ್ದಾರೆ.

ಸರಿ, ಗುಲಾಬಿಗೆ ಪೀಚ್ ಬಣ್ಣ ಬಂದದ್ದು ಯಾವಾಗ? ಯುರೋಪಿನ ಹಳೆಯ ಗುಲಾಬಿಗಳು ಬಹುಪಾಲು ಬಿಳಿ, ಗುಲಾಬಿ, ಕೆಂಪು ಅಷ್ಟೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಚೀನಾದಿಂದ ‘ಟೀ’ ಗುಲಾಬಿಗಳು ಹೋದವು. ಅವುಗಳ ವಂಶದಲ್ಲಿ 1839ರಲ್ಲಿ ಫ್ರಾನ್ಸಿನಲ್ಲಿ ಬಂದ ‘ಸಾಫ್ರಾನೊ’ ಅನ್ನುವ ತಳಿಯ ಉದ್ದನೆಯ ಮೊಗ್ಗಿಗೆ ಏಪ್ರಿಕಾಟ್ ಹಣ್ಣಿನ ತಿಳಿಬಣ್ಣ. ಆ ಕಾಲದ ಗಂಡಸರ ಕೋಟಿನ ಕಾಜಾಕ್ಕೆ ಅಚ್ಚುಮೆಚ್ಚಿನ ಮೊಗ್ಗು ಅದು. ಅಂದರೆ ಪೀಚ್ ಬಣ್ಣದ ಕಾಜಾ ಹೂವಿಗೆ ಹತ್ತಿರ ಹತ್ತಿರ ಇನ್ನೂರು ವರ್ಷದ ಇತಿಹಾಸ! ಆಮೇಲೆ 1900ರಲ್ಲಿ ಲಿಯೋಂ ಊರಿನ ಪೆರ್ನೆ-ದ್ಯೂಶೆ ಎಂಬ ಗುಲಾಬಿಗಾರ ಪರ್ಷಿಯಾದ ಹಳದಿ ಗುಲಾಬಿಯನ್ನು ಬೆರೆಸಿ ‘ಸೊಲೇ ದೋರ್’ (ಬಂಗಾರದ ಸೂರ್ಯ) ಎಂಬ ತಳಿ ತಂದ. ಇವತ್ತಿನ ಹಳದಿ, ಕಿತ್ತಳೆ, ಪೀಚ್ ಗುಲಾಬಿಗಳಲ್ಲಿ ಬಹಳಷ್ಟಕ್ಕೆ ಅದು ಮುತ್ತಜ್ಜಿ. ಹಳದಿ ಕೊಡುವ ಕ್ಯಾರೋಟಿನಾಯ್ಡ್, ಗುಲಾಬಿ ಕೊಡುವ ಆಂಥೋಸಯಾನಿನ್, ಎರಡೂ ಎಸಳಿನಲ್ಲಿ ತೆಳ್ಳಗೆ ಸೇರಿದರೆ ಪೀಚ್. ಕುಸುಬೆಯ ಹಂಡೆಯ ಲೆಕ್ಕವೇ ಇಲ್ಲೂ! 2006ರಲ್ಲಿ ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಚೆಲ್ಸಿ ಹೂ ಪ್ರದರ್ಶನದಲ್ಲಿ ತೋರಿಸಿದ ‘ಜೂಲಿಯೆಟ್’ ಎಂಬ ಪೀಚ್ ಗುಲಾಬಿಯ ಹಿಂದೆ 15 ವರ್ಷದ ದುಡಿಮೆ ಇತ್ತು. ಅದಕ್ಕೆ ‘30 ಲಕ್ಷ ಪೌಂಡಿನ ಗುಲಾಬಿ’ ಅಂತಲೇ ಹೆಸರು ಬಿತ್ತು. ಮದುವೆ ಬೊಕೆಗಳಿಗೆ ಪೀಚ್ ಹುಚ್ಚು ಹತ್ತಿಸಿದವರಲ್ಲಿ ಈ ಜೂಲಿಯೆಟ್ಟಮ್ಮನೂ ಒಬ್ಬಳು.

ಈಗ ನನಗೆ ಬಲು ಇಷ್ಟವಾದ ಭಾಗಕ್ಕೆ ಬರುತ್ತೇನೆ. ನಮ್ಮ ಬೆಂಗಳೂರಿಗೂ ಈ ವಡೋದರಕ್ಕೂ ಹೂವಿನ ನಂಟು ಒಂದು ಶತಮಾನಕ್ಕಿಂತ ಹಳೆಯದು. ಲಾಲ್‌ಬಾಗ್ ಅಂದ ತಕ್ಷಣ ನೆನಪಾಗುವ ಜರ್ಮನಿಯ ಗುಸ್ತಾವ್ ಕ್ರುಂಬಿಗಲ್, ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ 1893ರಲ್ಲಿ ಭಾರತಕ್ಕೆ ಬಂದದ್ದು ಬೆಂಗಳೂರಿಗಲ್ಲ, ಬರೋಡಾಕ್ಕೆ! ಮೂರನೇ ಸಯಾಜಿರಾವ್ ಗಾಯಕವಾಡರ ಸಂಸ್ಥಾನದ ತೋಟಗಳನ್ನು ನೋಡಿಕೊಳ್ಳಲು. ಇಲ್ಲಿ ಸುಮಾರು ಹದಿನೈದು ವರ್ಷ ದುಡಿದ ಮೇಲೆ ಮೈಸೂರು ಸಂಸ್ಥಾನ ಅವರನ್ನು ಕರೆಸಿಕೊಂಡಿತು. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತು 1932ರವರೆಗೆ ಇದ್ದರು. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರ ನೆಡಿಸಿದ ಪುಣ್ಯಾತ್ಮ. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಸಯಾಜಿಬಾಗಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವಾಗ ನನಗೆ ಅನಿಸುವುದುಂಟು, ನಮ್ಮೂರಿಗೆ ಹೂ ಹೊದಿಸಿದ ಮನುಷ್ಯ ಮೊದಲು ಈ ಮಣ್ಣಿನಲ್ಲಿ ಕೈಯಾಡಿಸಿದ್ದ ಅಂತ.

ಅವರು ಇಲ್ಲಿಂದ ಅಲ್ಲಿಗೆ ಹೋದರು, ಹೂ ಅಲ್ಲಿಂದ ಇಲ್ಲಿಗೆ ಬಂತು. 1965ರಲ್ಲಿ ಮನಮೋಹನ ಅತ್ತಾವರ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರು ಮಾಡಿ ಹೂವಿನ ಬೀಜವನ್ನು ಹೊರದೇಶಕ್ಕೆ ಕಳಿಸಿದರು. 1990ರ ದಶಕದಲ್ಲಿ ದೊಡ್ಡಬಳ್ಳಾಪುರ, ಹೊಸೂರು ಸುತ್ತ ಪಾಲಿಹೌಸುಗಳು ಎದ್ದು ‘ಡಚ್ ಗುಲಾಬಿ’ ಬೆಳೆ ಬಂತು. ಹೆಬ್ಬಾಳದ ಹೂ ಹರಾಜು ಕೇಂದ್ರ ಬಂದ ಮೇಲೆ ಹಾಲೆಂಡಿನ ಪದ್ಧತಿಯಂತೆ ಬೆಲೆ ಮೇಲಿನಿಂದ ಕೆಳಕ್ಕೆ ಇಳಿಯುವ ಹರಾಜೂ ಬಂತು. ಅಹಮದಾಬಾದಿನ ಜಮಾಲ್‌ಪುರ ಹೂ ಮಾರ್ಕೆಟ್ಟಿಗೆ ಬೆಳಗಿನ ಜಾವ ಹೋಗಿ ನೋಡಿ. ಚೆಂಡುಹೂ, ಸೇವಂತಿಗೆ, ದೇಸಿ ಗುಲಾಬಿ ಇಲ್ಲಿಯ ಸುತ್ತಮುತ್ತಲಿನ ಹಳ್ಳಿಗಳದ್ದು. ಉದ್ದ ಕಾಂಡದ ಗುಲಾಬಿಯ ಪೆಟ್ಟಿಗೆಗಳಲ್ಲಿ ಮಾತ್ರ ಬೆಂಗಳೂರಿನವೂ ಪುಣೆಯವೂ ಕಣ್ಣಿಗೆ ಬೀಳುತ್ತವೆ. ವಡೋದರದಲ್ಲಾದರೆ ಸಯಾಜಿರಾವ್ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಕಟ್ಟಿಸಿದ ಖಂಡೇರಾವ್ ಮಾರ್ಕೆಟ್ಟಿನ ಬಳಿ ಹೂವಿನವರು ಕೂರುತ್ತಾರೆ. ಸೂರತ್, ನವಸಾರಿ ಕಡೆ ಹಾರಕ್ಕೆ ಬೇಕಾದ ಬಿಳಿ ಲಿಲಿ ಮೊಗ್ಗಿನ ಬೆಳೆ ಜಾಸ್ತಿ.

ಸೂರತ್ತಿನ ದೊಡ್ಡ ಕಾಣಿಕೆ ಹೂವಲ್ಲ, ‘ಮ್ಯಾಚಿಂಗ್’. ರಿಂಗ್ ರೋಡಿನ ಜವಳಿ ಮಾರ್ಕೆಟ್ಟುಗಳಲ್ಲಿ ಒಂದೇ ಪೀಚಿಗೆ ಹತ್ತು ಛಾಯೆ ತೋರಿಸುತ್ತಾರೆ. ನಮ್ಮ ಹೆಂಗಸರಿಗಂತೂ ಮ್ಯಾಚಿಂಗ್ ಹೊಸ ಪಾಠವಲ್ಲ. ಸೀರೆಯ ಸೆರಗು ಹಿಡಿದುಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋಗಿ, ಬ್ಲೌಸ್ ಪೀಸನ್ನು ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು ನೋಡಿದವರಿಗೆ ಬೊಕೆ–ಕಾಜಾ ಹೂ ಹೊಂದಿಸುವುದು ಯಾವ ಮಹಾ ವಿದ್ಯೆ? ಗುಜರಾತಿ ಮದುವೆಯ ಮುಖ್ಯ ಉಡುಗೆ ಇನ್ನೂ ಪಾನೇತರ್, ಸೋದರಮಾವ ಕೊಡುವ ಕೆಂಪಂಚಿನ ಬಿಳಿ ಸೀರೆ. ಪೀಚಿನ ರಾಜ್ಯಭಾರ ಹೆಚ್ಚಾಗಿ ಆರತಕ್ಷತೆಯ ದಿನ.

ಇದನ್ನೆಲ್ಲ ನಾನು ಹುಡುಕಿದ್ದಕ್ಕೆ ಕಾರಣ ಇದೆ. ನಮ್ಮ ಮಗಳ ಮದುವೆ ಗುಜರಾತಿ ಹುಡುಗನ ಜೊತೆ ಗೊತ್ತಾಯಿತು. ಬೀಗರು ಒಳ್ಳೆಯ ಜನ. ನಮ್ಮ ಧಾರೆಯೂ ಆಗಲಿ, ಅವರ ಫೇರಾವೂ ಆಗಲಿ ಅಂತ ಒಪ್ಪಿದರು. ತೊಡಕು ಬಂದದ್ದು ಆರತಕ್ಷತೆಯ ಹೂವಿನಲ್ಲಿ. ಡೆಕೋರೇಟರ್ ಹುಡುಗ ನಯವಾಗಿಯೇ ಹೇಳಿದ: “ಅಂಕಲ್, ಥೀಮ್ ಪೀಚ್. ತಲೆಗೆ ಬಿಳಿ ಮಲ್ಲಿಗೆ, ಹಸಿರು ಮರುಗ ಎಲ್ಲ ಹಾಕಿದರೆ ಫೋಟೋದಲ್ಲಿ ಥೀಮ್ ಕೆಡುತ್ತದೆ.” ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಮೂವತ್ತು ವರ್ಷದಲ್ಲಿ ಇಲ್ಲಿ ಭಾಷೆ ಕಲಿತೆವು, ದಾಳಿಗೆ ಬೆಲ್ಲ ಹಾಕುವುದು ಕಲಿತೆವು, ಯಾವುದಕ್ಕೂ ಬೇಡ ಅಂದದ್ದಿಲ್ಲ. ಆದರೆ ಮಗಳನ್ನು ಹೂವಿಲ್ಲದ ತಲೆಯಲ್ಲಿ ಸ್ಟೇಜಿನ ಮೇಲೆ ನಿಲ್ಲಿಸುವುದು ಅವಳಿಂದಾಗದು ಅಂತ ನನಗೆ ಗೊತ್ತಿತ್ತು. ಮಗಳಿಗೂ ಬೊಕೆ ಬೇಕು, ಅದು ಅವಳ ಆಸೆ. ಅದನ್ನು ಬೇಡ ಅನ್ನಲು ನಾವು ಯಾರು?

ದಾರಿ ತೋರಿಸಿದ್ದು ಊರಲ್ಲಿದ್ದ ನನ್ನ ಅಮ್ಮ. ಫೋನಿನಲ್ಲಿ ಎಲ್ಲ ಕೇಳಿ, “ಪೀಚು ಅಂದ್ರೆ ಎಂತಾ ಬಣ್ಣ ಮಾರಾಯಾ?” ಅಂದಳು. ಫೋಟೋ ಕಳಿಸಿದೆ. “ಅಯ್ಯ, ಇದು ನಮ್ಮ ಅಬ್ಬಲಿಗೆ ಅಲ್ದಾ! ಹಿತ್ಲಲ್ಲಿ ಬೇಕಾದಷ್ಟಿದ್ದು, ತರ್ತೆ” ಅಂದಳು. ತಂದೇಬಿಟ್ಟಳು! 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಕರಾವಳಿಯಿಂದ ಗುಜರಾತಿಗೆ ನೇರ ಗಾಡಿಗಳಿವೆ. ಒಂದು ರಾತ್ರಿ ಕಳೆದರೆ ವಡೋದರ. ಬಾಳೆಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿದ ಅಬ್ಬಲಿಗೆ ಬಾಡದೆ ಬಂತು. ಮಲ್ಲಿಗೆಯಾಗಿದ್ದರೆ ಕಂದಿ ಹೋಗುತ್ತಿತ್ತು.

ಡೆಕೋರೇಟರ್ ಹುಡುಗ ಅಬ್ಬಲಿಗೆಯನ್ನು ತನ್ನ ಬಣ್ಣದ ಕಾರ್ಡಿನ ಪಕ್ಕ ಇಟ್ಟು ನೋಡಿದ. ಗುಲಾಬಿಗಿಂತ ಒಂದು ಛಾಯೆ ಗಾಢ, ಜೊತೆಗಿಟ್ಟರೆ ಎರಡೂ ಬೆಳಗುತ್ತವೆ. “ಬಹು ಸರಸ್!” ಅಂದ. ಮಗಳ ತಲೆಗೆ ಅಬ್ಬಲಿಗೆ ದಂಡೆ ಬಂತು. ಬೊಕೆಯ ಹಿಡಿಗೆ ರಿಬ್ಬನ್ ಬದಲು ಬಾಳೆನಾರಿನಲ್ಲಿ ಕಟ್ಟಿದ ಅಬ್ಬಲಿಗೆ ಮಾಲೆ ಸುತ್ತಿದರು. ಅಳಿಯನ ಶೇರ್ವಾನಿಯಲ್ಲಿ ಕಾಜಾ ಎಲ್ಲಿಂದ ಬರಬೇಕು? ಒಂದು ಗುಲಾಬಿ ಮೊಗ್ಗು, ಹಿಂದೆ ಅಬ್ಬಲಿಗೆಯ ಗೊಂಚಲು, ತೊಟ್ಟಿಗೆ ತೆಳು ತಂತಿ, ಮೇಲೆ ಹಸಿರು ಟೇಪು ಸುತ್ತಿ ಪಿನ್ನು ಹಾಕಿದರು. ಬೀಗಿತ್ತಿ ಅದನ್ನು ನೋಡಿ ತಮಗೂ ಒಂದು ದಂಡೆ ಬೇಕೆಂದು ಕೇಳಿ ಅಂಬೋಡೆಗೆ ಮುಡಿಸಿಕೊಂಡರು. ಅಮ್ಮ ಮಾತ್ರ ಪರಿಮಳಕ್ಕೆಂದು ನಾಲ್ಕು ಎಸಳು ಮರುಗವನ್ನು ಮೊಮ್ಮಗಳ ದಂಡೆಯ ಒಳಗೆ, ಫೋಟೋಗೆ ಕಾಣದ ಹಾಗೆ, ತುರುಕಿದ್ದಳು.

ಕೊನೆಗೆ ಎರಡು ಉಪಯೋಗದ ಮಾತು. ಅಹಮದಾಬಾದಿನಲ್ಲಿ 2016ರ ಮೇ 20ರಂದು ಬಿಸಿಲು 48 ಡಿಗ್ರಿ ಮುಟ್ಟಿತ್ತು. ವೈಶಾಖದ ಮದುವೆಗೆ ತಿಳಿಬಣ್ಣದ ಗುಲಾಬಿ ಆರಿಸಿದರೆ ಎಸಳಿನ ಅಂಚು ಕಂದು ಬಣ್ಣಕ್ಕೆ ತಿರುಗುವುದು ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಬೊಕೆಯನ್ನು ಕೊನೆಯ ಗಳಿಗೆಯವರೆಗೆ ನೀರಿನಲ್ಲಿ, ತಂಪಿನಲ್ಲಿ ಇಡಬೇಕು. ಕಾಜಾ ಹೂ ಒಂದು ಹೆಚ್ಚಿಗೆ ಮಾಡಿಸಿಡಿ, ಅಪ್ಪಿಕೊಳ್ಳುವ ನೆಂಟರಿಂದ ಮೊದಲನೆಯದು ಅಪ್ಪಚ್ಚಿಯಾಗುವುದು ಖಂಡಿತ. ಇನ್ನೊಂದು, ಹೂ ಚುಚ್ಚಲು ಬಳಸುವ ಹಸಿರು ಸ್ಪಂಜು. 1954ರಲ್ಲಿ ಅಮೆರಿಕದಲ್ಲಿ ಶುರುವಾದ ಈ ವಸ್ತು ಒಂದು ಜಾತಿಯ ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗುವುದಿಲ್ಲ, ಪುಡಿಪುಡಿಯಾಗಿ ಉಳಿಯುತ್ತದೆ. ಬಾಳೆನಾರು ಕರಗುತ್ತದೆ.

ಹೊರನಾಡಿನಲ್ಲಿ ಮಗಳ ಮದುವೆ ಮಾಡುವವರಿಗೆ ನಾನು ಹೇಳುವುದಿಷ್ಟೆ. ಹೊಸ ಫ್ಯಾಷನ್ ಬಂದಾಗ ಜಗಳಕ್ಕೆ ನಿಲ್ಲುವ ಮೊದಲು ನಮ್ಮ ಹಿತ್ತಿಲಲ್ಲಿ ಅದಕ್ಕೆ ಯಾವ ಹೆಸರಿದೆ ಅಂತ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಹೆಸರು ಗೊತ್ತಿರುವವರು ಇನ್ನೂ ಇದ್ದಾಗಲೇ ಕೇಳಬೇಕು. ಅಂದಹಾಗೆ ನಿಮ್ಮ ಕಡೆ ಈ ಬಣ್ಣಕ್ಕೆ ಏನನ್ನುತ್ತಾರೆ?